ಗೌಡರ ಪಾಲಿನ ಸಂಬೂಸ

ಗಂಡ ತೀರಿಕೊಂಡ ಸುದ್ದಿಯನ್ನು ಸಾವಿತ್ರಮ್ಮ ಊರಿಗೆಲ್ಲ ಹೇಳಿದ್ದರು, ಒಬ್ಬಳಿಗೆ ಮಾತ್ರ ಹೇಳಿರಲಿಲ್ಲ. ಆ ಒಬ್ಬಳು ಈಗ ಮಗಳನ್ನು ಕಟ್ಟಿಕೊಂಡು, ಚಾರ್ಮಾಡಿ ಘಾಟಿ ಹತ್ತಿ, ಸೋಮವಾರ ಮಧ್ಯಾಹ್ನ ಮನೆಗೇ ಬರುವವಳಿದ್ದಳು.

ಅವಳ ಹೆಸರು ಹಲೀಮೊ. ಸೊಮಾಲಿಯಾದ ಯಾವುದೋ ಕಡಲತೀರದ ಪಟ್ಟಣದವಳು. ಆ ಪಟ್ಟಣದ ಹೆಸರನ್ನು ಅವಳು ಎಷ್ಟು ಸಲ ಹೇಳಿಕೊಟ್ಟರೂ ಸಾವಿತ್ರಮ್ಮನ ನಾಲಿಗೆಗೆ ಹತ್ತಿರಲಿಲ್ಲ. ಸೊಮಾಲಿಯಾದವಳಿಗೂ ಕೊಟ್ಟಿಗೆಹಾರದ ಪಕ್ಕದ ಸಣ್ಣ ಕಾಫಿ ತೋಟದ ಗೌಡತಿಗೂ ಎಲ್ಲಿಂದೆಲ್ಲಿಯ ನಂಟು ಎಂದು ಕೇಳಿದರೆ, ಕಾಯಿಲೆ ತಂದ ನಂಟು ಎನ್ನಬೇಕು. ಮೊನ್ನೆಯ ಮಳೆಗಾಲವಲ್ಲ, ಅದರ ಹಿಂದಿನ ಮಳೆಗಾಲ. ನಾಗೇಶಗೌಡರ ಶ್ವಾಸಕೋಶದಲ್ಲಿ ಗಡ್ಡೆ ಇದೆ ಎಂದು ಗೊತ್ತಾಗಿ ಮಂಗಳೂರಿನ ಆಸ್ಪತ್ರೆಗೆ ಸೇರಿಸಿದ್ದರು. ಇಂಜೆಕ್ಷನ್ನಿಗೆ ಮತ್ತೆ ಮತ್ತೆ ಘಾಟಿ ಇಳಿದು ಹತ್ತುವ ಶಕ್ತಿ ಅವರಿಗಿರಲಿಲ್ಲ. ಆಸ್ಪತ್ರೆಯ ಹಿಂದಿನ ಲಾಡ್ಜಿನಲ್ಲಿ ಒಂದು ಕೋಣೆ ಹಿಡಿದು ಗಂಡ ಹೆಂಡತಿ ಇಬ್ಬರೇ ಉಳಿದರು. ಎದುರಿನ ಕೋಣೆಯಲ್ಲಿ ಹಲೀಮೊ, ಅವಳ ಮಗಳು ಇಫ್ರಾ. ಹುಡುಗಿಯ ಕಾಲಿನ ಮೂಳೆಯಲ್ಲಿ ಗಡ್ಡೆ. ಮಹಡಿಗೆಲ್ಲ ಸೇರಿ ಒಂದೇ ಅಡುಗೆಮನೆ, ಅದರಲ್ಲಿ ಎರಡು ಬರ್ನರಿನ ಒಂದು ಒಲೆ. ಒಂದರ ಮೇಲೆ ಸಾವಿತ್ರಮ್ಮನ ಗಂಜಿ ಕುದಿಯುತ್ತಿದ್ದರೆ ಇನ್ನೊಂದರ ಮೇಲೆ ಹಲೀಮೊಳ ಮಾಂಸ ಬೇಯುತ್ತಿತ್ತು. ಇವರಿಗೆ ಅವಳ ಭಾಷೆ ಬಾರದು, ಅವಳಿಗೆ ಇವರದು ಬಾರದು. ಆದರೂ ಇಬ್ಬರೂ ದಿನವಿಡೀ ಮಾತಾಡಿದರು.

ಊರಿನಲ್ಲಿ ನಾಗೇಶಗೌಡರು ಅಡುಗೆಮನೆಯ ಹೊಸಿಲು ದಾಟಿದ್ದನ್ನು ಕಂಡವರಿಲ್ಲ. ನೀರು ಬೇಕಾದರೆ ಜಗಲಿಯಲ್ಲಿ ಕೂತೇ ಒಂದು ಸಲ ಕೆಮ್ಮುತ್ತಿದ್ದರು. ಚೊಂಬು ತಾನಾಗಿ ಬರುತ್ತಿತ್ತು. ಊಟಕ್ಕೆ ಒಂದು ಕೆಮ್ಮು, ಕಾಫಿಗೆ ಇನ್ನೊಂದು. ಆ ಕೆಮ್ಮು ಯಾವಾಗ ನೀರು ಕೇಳುವ ಕೆಮ್ಮು ಹೋಗಿ ಕಾಯಿಲೆಯ ಕೆಮ್ಮಾಯಿತೋ ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಸಾವಿತ್ರಮ್ಮನೂ ಬಹಳ ದಿನ ಚೊಂಬನ್ನೇ ಹಿಡಿದು ಓಡಿದ್ದರು.

ಇಂಜೆಕ್ಷನ್ ಶುರುವಾದ ಮೇಲೆ ಗೌಡರ ಬಾಯಿ ಕೆಟ್ಟುಹೋಯಿತು. ಏನು ತಿಂದರೂ ಕಬ್ಬಿಣ ನೆಕ್ಕಿದ ಹಾಗೆ ಎನ್ನುತ್ತಿದ್ದರು. ಅಕ್ಕಿ ರೊಟ್ಟಿ ಬೇಡ, ಕಡುಬು ಬೇಡ, ಕೋಳಿ ಸಾರಿನ ವಾಸನೆಗೇ ಮುಖ ತಿರುಗಿಸುತ್ತಿದ್ದರು. ಹಾಗಿರುವಾಗ ಒಂದು ಸಂಜೆ ಹಲೀಮೊ ಏನನ್ನೋ ಎಣ್ಣೆಗೆ ಬಿಡುತ್ತಿದ್ದಳು. ನಮ್ಮ ಸಮೋಸದಂಥದೇ ತ್ರಿಕೋನ, ಆದರೆ ಅದಕ್ಕಿಂತ ತೆಳು, ಒಳಗೆ ಕೈಮ, ಹೆಸರು ಸಂಬೂಸ. ಗೌಡರು ಗೋಡೆ ಹಿಡಿದುಕೊಂಡು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತರು. ಅವಳು ಒಂದು ಕೊಟ್ಟಳು. ತಿಂದರು. ಇನ್ನೊಂದಕ್ಕೆ ತಾವೇ ಕೈ ಚಾಚಿದರು. ಸಾವಿತ್ರಮ್ಮ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡರು.

ಮುಂದಿನ ಸಲ ಹಲೀಮೊ ಪುಕ್ಕಟೆ ಕೊಡಲಿಲ್ಲ. ಅವಳಿಗೆ ಗೌಡರು ಯಾರು, ತೋಟ ಎಷ್ಟು, ಊರಲ್ಲಿ ಅವರ ಗತ್ತೇನು ಎಂಬುದೆಲ್ಲ ಗೊತ್ತಿಲ್ಲವಲ್ಲ. “ಅದೀರ್” ಎಂದು ಕರೆದಳು. ಅವರ ಕಡೆ ಚಿಕ್ಕಪ್ಪನನ್ನು ಹಾಗೆ ಕರೆಯುತ್ತಾರಂತೆ. ಸ್ಟೂಲು ತೋರಿಸಿ ಕೂರಿಸಿದಳು, ಮುಂದೊಂದು ತಟ್ಟೆ ಇಟ್ಟು, ಸಂಬೂಸದ ಹಿಟ್ಟಿನ ಹಾಳೆ ಮಡಚುವ ಕೆಲಸ ಹಚ್ಚಿಬಿಟ್ಟಳು. ಗೌಡರು ಹೆಂಡತಿಯ ಮುಖ ನೋಡಿದರು. ಸಾವಿತ್ರಮ್ಮ ಈರುಳ್ಳಿ ಹೆಚ್ಚುವುದರಲ್ಲಿ ಮುಳುಗಿದವರಂತೆ ತಲೆ ಬಗ್ಗಿಸಿದರು. ಗೌಡರು ಮಡಚಿದರು. ಕಾಫಿ ಸಸಿಯ ಪ್ಲಾಸ್ಟಿಕ್ ತೊಟ್ಟೆಗೆ ಮಣ್ಣು ತುಂಬುವಾಗ ಮೂಲೆ ಮೂಲೆಗೆ ಬೆರಳಿಟ್ಟು ಒತ್ತುತ್ತಾರಲ್ಲ, ಹಾಗೆಯೇ ಒತ್ತಿ ಒತ್ತಿ ಕೈಮ ತುಂಬಿದರು. ಒಂದು ಹನಿ ಎಣ್ಣೆ ಒಳಗೆ ಹೋಗದ ಹಾಗೆ ಮೈದಾ ಅಂಟು ಸವರಿ ಬಾಯಿ ಮುಚ್ಚಿದರು. ಅವತ್ತಿನಿಂದ ಅದು ಅವರ ಕೆಲಸವೇ ಆಯಿತು.

ಮಡಚುತ್ತಾ ಮಾತಾಡತೊಡಗಿದರು. ಹೆಣ್ಣು ನೋಡಲು ಬಂದ ದಿನ ಸಾವಿತ್ರಮ್ಮನ ಮುಖವನ್ನು ನೋಡಲು ನಾಚಿಕೆಯಾಗಿ ಕಾಫಿ ಲೋಟವನ್ನೇ ನೋಡಿಕೊಂಡು ಎದ್ದು ಬಂದದ್ದು, ಅಪ್ಪನಿಗೆ ಹೆದರಿ ಹೆಂಡತಿಯನ್ನು ಒಂದು ಸಿನಿಮಾಕ್ಕೂ ಕರೆದುಕೊಂಡು ಹೋಗದೆ ಇದ್ದದ್ದು, ಎಲ್ಲ ಹೇಳಿದರು. ಮದುವೆಯಾದಾಗಿನಿಂದ ಗಂಡ ಹೆಂಡತಿ ಅಷ್ಟು ಮಾತಾಡಿರಲಿಲ್ಲ. ಸಾವಿತ್ರಮ್ಮ ಒಲೆಯ ಮುಂದೆ ನಿಂತು ಕೇಳಿದರು, ನಕ್ಕರು, ಒಂದೆರಡು ಸಲ ತಿರುಗಿ ಬೈದರು ಕೂಡ. ಗೌಡರು ಬೈಸಿಕೊಂಡರು.

ಮಳೆ ಕಳೆಯುವಾಗ ಗೌಡರು ಚೇತರಿಸಿಕೊಂಡರು. ಹಲೀಮೊ ಮಗಳ ಜೊತೆ ವಿಮಾನ ಹತ್ತಲು ಹೊರಟಾಗ ಲಾಡ್ಜಿನ ಗೇಟಿನವರೆಗೆ ನಡೆದುಕೊಂಡೇ ಹೋಗಿ ಬೀಳ್ಕೊಟ್ಟರು. ಅವಳು ನೋಡಿದ್ದು ಆ ಗೌಡರನ್ನೇ. ಊರಿಗೆ ಬಂದ ಮೇಲೆ ಅವರು ಮತ್ತೆ ಜಗಲಿಯ ಕುರ್ಚಿಯಲ್ಲಿ ಕೂತರು, ಅಡುಗೆಮನೆಯ ಕಡೆ ಸುಳಿಯಲಿಲ್ಲ. ನೆಂಟರಿಷ್ಟರು ಬಂದು ಹೋಗುವ ಮನೆ, ಸೊಸೆ ಓಡಾಡುವ ಮನೆ, ಹೇಗೆ ಬಂದಾರು? ಸಾವಿತ್ರಮ್ಮನೂ ಕರೆಯಲಿಲ್ಲ. ಮಾರನೆಯ ವರ್ಷದ ಯುಗಾದಿ ಕಳೆದು, ಹೂಮಳೆ ಬಿದ್ದು, ತೋಟವೆಲ್ಲ ಬೆಳ್ಳಗೆ ಅರಳಿದ ವಾರದಲ್ಲಿ ಗೌಡರು ತೀರಿಕೊಂಡರು.

ಮನೆ ತುಂಬ ಜನ. ಅಳುವವರು, ಅಳುವವರಿಗೆ ಕಾಫಿ ಕೊಡುವವರು. ಆ ನಡುವೆ ಶುಕ್ರವಾರ ಬಂತು. ಪ್ರತಿ ಶುಕ್ರವಾರ ಹಲೀಮೊ ವಾಟ್ಸಾಪಿನಲ್ಲಿ ಧ್ವನಿ ಕಳಿಸುವುದು ವಾಡಿಕೆ. ಅವತ್ತೂ ಕಳಿಸಿದ್ದಳು. ಅರ್ಥವಾಗದ ಉದ್ದನೆಯ ಮಾತು, ಕೊನೆಗೆ ಎಂದಿನಂತೆ, “ಗೌಡಾ ಅದೀರ್? ಚೆನ್ನಾಗಿ?” ಎಂಬ ಪ್ರಶ್ನೆ. ಸಾವಿತ್ರಮ್ಮ ಸಿಗ್ನಲ್ ಸಿಗುವ, ಕಾಫಿ ಹಣ್ಣು ಸುಲಿಯುವ ಪಲ್ಪರ್ ಶೆಡ್ಡಿನ ಹತ್ತಿರ ಹೋಗಿ ಫೋನಿಗೆ ಬಾಯಿ ಹಚ್ಚಿದರು. ಹೇಳಬೇಕೆಂದೇ ಹೋಗಿದ್ದರು. “ಚೆನ್ನಾಗಿದ್ದಾರೆ” ಎಂದುಬಿಟ್ಟರು.

ಹೇಳಿದ ಮೇಲೆ ಭಯವಾಯಿತು. ಅದರ ಹಿಂದೆಯೇ, ಹೇಳಬಾರದು, ಹಾಯೆನಿಸಿತು. ಇಡೀ ಭೂಮಿಯ ಮೇಲೆ ಒಂದು ಮನೆಯಲ್ಲಾದರೂ ಅವರು ಇನ್ನೂ ಬದುಕಿದ್ದಾರೆ ಅನ್ನಿಸಿತು. ಮುಂದಿನ ಶುಕ್ರವಾರವೂ ಚೆನ್ನಾಗಿದ್ದರು. ಅದರ ಮುಂದಿನ ವಾರ ತೋಟಕ್ಕೆ ಹೋಗಿದ್ದರು. ಮಳೆ ಹಿಡಿದಾಗ ಕಂಬಳಿ ಹೊದ್ದು ಕೂತಿದ್ದರು, ಕಾಫಿ ಹಣ್ಣಾದಾಗ ಆಳುಗಳಿಗೆ ಬೈಯುತ್ತಿದ್ದರು. ಹಲೀಮೊಗೆ ಇದರಲ್ಲಿ ಅರ್ಥವಾಗುತ್ತಿದ್ದದ್ದು ‘ಚೆನ್ನಾಗಿ’ ಎಂಬ ಒಂದೇ ಪದ. ಉಳಿದದ್ದನ್ನೆಲ್ಲ ಸಾವಿತ್ರಮ್ಮ ತಮಗೇ ಹೇಳಿಕೊಳ್ಳುತ್ತಿದ್ದರು.

ಈಗ ಇಫ್ರಾಳ ಕಾಲಿನ ತಪಾಸಣೆಗೆಂದು ತಾಯಿ ಮಗಳು ಮಂಗಳೂರಿಗೆ ಬಂದಿದ್ದರು. ವಾಪಸು ಹೋಗುವ ಮುಂಚೆ ಒಂದು ದಿನ ಗೌಡರನ್ನು ನೋಡಿಕೊಂಡು ಹೋಗುತ್ತೇವೆ ಎಂದು ಹುಡುಗಿ ಇಂಗ್ಲಿಷಿನಲ್ಲಿ ಬರೆದು ಕಳಿಸಿದಳು. ಸಾವಿತ್ರಮ್ಮನ ಸೊಸೆ ದೀಪಶ್ರೀ ಅದನ್ನು ಓದಿ, ಗೌಡರ ಮನೆಯವರನ್ನು ಎಂದು ಅರ್ಥ ಮಾಡಿಕೊಂಡಳು.

“ಮಾವ ಹೋದಾಗ ಬರಕ್ಕಾಗ್ಲಿಲ್ಲ ಅಂತ ಈಗ ಬರ್ತಿದಾರೆ ಪಾಪ” ಎಂದಳು. ಸಾವಿತ್ರಮ್ಮ ಅವಳನ್ನು ತಿದ್ದಲು ಹೋಗಲಿಲ್ಲ.

“ಅಡುಗೆ ಏನ್ಮಾಡಣ ಅತ್ತೆ?”

“ಸಂಬೂಸ. ಅವಳು ಮಾಡ್ತಿದ್ಳಲ್ಲ, ಅದೇ. ನಾನೇ ಮಾಡ್ತೀನಿ.”

“ಕೈಮದ್ದಾ? ಸೋಮವಾರ ಅಲ್ವಾ ಅತ್ತೆ ಅವತ್ತು?”

ಸೋಮವಾರ ಮಂಜುನಾಥ ಸ್ವಾಮಿಯ ವಾರ. ಆ ಮನೆಯಲ್ಲಿ ಸೋಮವಾರ ಮೊಟ್ಟೆಯನ್ನೂ ಒಡೆಯುತ್ತಿರಲಿಲ್ಲ, ಆ ನೇಮ ಕಟ್ಟುನಿಟ್ಟಾಗಿ ನಡೆಸಿಕೊಂಡು ಬಂದವರೂ ಸಾವಿತ್ರಮ್ಮನೇ. ದೀಪಶ್ರೀ ಮದುವೆಯಾಗಿ ಬಂದ ಹೊಸತರಲ್ಲಿ ಸೋಮವಾರ ಫ್ರಿಜ್ಜಿನಿಂದ ಮೀನಿನ ಸಾರು ತೆಗೆದದ್ದಕ್ಕೆ ವಾರಗಟ್ಟಲೆ ಮಾತು ಕೇಳಿದ್ದಳು.

“ಹೊರಗಿನ ಒಲೇಲಿ ಮಾಡ್ತೀನಿ. ದೇವರಿಗೆ ನಾನು ಹೇಳ್ಕೊತೀನಿ, ನೀ ತಲೆಬಿಸಿ ಮಾಡ್ಕೋಬೇಡ ಮಾರಾಯ್ತಿ” ಎಂದರು ಸಾವಿತ್ರಮ್ಮ. ಸೊಸೆ ಬಾಯಿ ಮುಚ್ಚಿಕೊಂಡು ಹುಬ್ಬು ಮಾತ್ರ ಏರಿಸಿದಳು.

ಮನೆಯ ಬಾಣಲೆಗಳಲ್ಲೆಲ್ಲ ಒಂದಲ್ಲ ಒಂದು ಹಬ್ಬಕ್ಕೆ ಹಂದಿ ಹುರಿದಿದ್ದೇ. ಅದು ಹಲೀಮೊಗೆ ಆಗಿಬರುವುದಿಲ್ಲ. ಹಾಗಾಗಿ ಮಗ ಅಭಿಷೇಕನ ಕೈಲಿ ಹೊಸ ಬಾಣಲೆ, ಹೊಸ ಜಾಲರಿ ತರಿಸಿದರು. ಕೈಮವನ್ನು ಕೊಟ್ಟಿಗೆಹಾರದ ಬ್ಯಾರಿಯ ಹಲಾಲ್ ಅಂಗಡಿಯಿಂದ ತರಿಸಿದರು. ಸೋಮವಾರ ಅಭಿಷೇಕ ಕಾಫಿ ಮೂಟೆ ಹೇರಿಕೊಂಡು ಮೂಡಿಗೆರೆಗೆ ಹೋದ. ಸಾವಿತ್ರಮ್ಮ ಆಳುಗಳಿಗೆ ನೀರು ಕಾಯಿಸುವ ಹೊರಗಿನ ಒಲೆಗೆ ಬೆಂಕಿ ಹಾಕಿದರು.

ಈರುಳ್ಳಿ, ಬೆಳ್ಳುಳ್ಳಿ, ಹಸಿಮೆಣಸು, ಕೊತ್ತಂಬರಿ. ಜೀರಿಗೆ, ಏಲಕ್ಕಿ, ಮನೆಯದೇ ಕರಿಮೆಣಸು. ಕೈಮ ಹುರಿಯುತ್ತಿದ್ದಾಗ ಕೈ ತಾನಾಗಿ ತೆಂಗಿನಕಾಯಿ ತುರಿಯ ಬಟ್ಟಲಿಗೆ ಹೋಯಿತು. ಹುಟ್ಟಿದಾಗಿನಿಂದ ಕಾಯಿ ಹಾಕದೆ ಮಾಂಸ ಮಾಡಿದ ಕೈಯಲ್ಲ ಅದು. “ಬೇಡ, ಬೇಡ” ಎಂದು ಹಲೀಮೊ ಲಾಡ್ಜಿನಲ್ಲಿ ಆ ಕೈಯನ್ನು ಹಿಡಿದು ನಿಲ್ಲಿಸುತ್ತಿದ್ದದ್ದು ನೆನಪಾಗಿ ಸಾವಿತ್ರಮ್ಮನಿಗೆ ನಗು ಬಂತು. ಬಟ್ಟಲನ್ನು ಆಚೆ ಇಟ್ಟರು. ಮೈದಾ ಹಿಟ್ಟನ್ನು ಪುಟ್ಟ ಪುಟ್ಟ ಪೂರಿ ಮಾಡಿ, ನಡುನಡುವೆ ಎಣ್ಣೆ ಸವರಿ ಹಿಟ್ಟು ಉದುರಿಸಿ, ಒಂದರ ಮೇಲೊಂದು ಪೇರಿಸಿ ದೊಡ್ಡದಾಗಿ ಲಟ್ಟಿಸಿದರು. ಕಾವಲಿಯ ಮೇಲೆ ಅರೆಬರೆ ಬೇಯಿಸಿ, ಬಿಸಿ ಇರುವಾಗಲೇ ಬೇರೆ ಬೇರೆ ಮಾಡಿದರು. ಹಾಳೆಗಳು ಚೆನ್ನಾಗಿ ಬಿಟ್ಟುಕೊಂಡವು. ನಾಲ್ಕಾಗಿ ಕತ್ತರಿಸಿ ಮಡಚಲು ಕೂತರು.

ಆಗ ಗೊತ್ತಾಯಿತು, ಮಡಚಲು ತಮಗೆ ಬರುವುದಿಲ್ಲ ಎಂದು.

ಹಿಟ್ಟು ಕಲಸಿದ್ದರು, ಕೈಮ ಹುರಿದಿದ್ದರು, ಎಷ್ಟೋ ಸಲ ಕರಿದಿದ್ದರು. ಮಡಚುವುದು ಮಾತ್ರ ಅವರ ಕೆಲಸವಾಗಿರಲಿಲ್ಲ, ಗೌಡರದಾಗಿತ್ತು. ಅವರು ಮಡಚುವಾಗ ಸಾವಿತ್ರಮ್ಮ ಅವರ ಮಾತು ಕೇಳಿದ್ದರು, ಮುಖ ನೋಡಿದ್ದರು, ಕೈ ನೋಡಿರಲಿಲ್ಲ. ಯಾವ ಅಂಚು ಮೊದಲು, ಯಾವುದು ಆಮೇಲೆ? ಹಾಗೆ ಮಾಡಿದರು, ಹೀಗೆ ಮಾಡಿದರು. ಒಂದು ಕರ್ಜಿಕಾಯಿಯ ಹಾಗೆ ಹೊಟ್ಟೆ ಉಬ್ಬಿಸಿಕೊಂಡಿತು, ಇನ್ನೊಂದು ಎಣ್ಣೆಗೆ ಬಿದ್ದ ಕೂಡಲೇ ಬಾಯಿ ಬಿಟ್ಟು ಕೈಮವನ್ನೆಲ್ಲ ಕಾರಿತು. ಹೊಗೆಗೋ ಮತ್ತೆ ಯಾತಕ್ಕೋ ಕಣ್ಣಲ್ಲಿ ನೀರು ಬಂತು. ಅವರು ಬೇಕು ಅನ್ನಿಸಿತು. ಜಗಲಿಯ ಗೌಡರಲ್ಲ, ಕೆಮ್ಮಿ ನೀರು ತರಿಸಿಕೊಳ್ಳುತ್ತಿದ್ದವರಲ್ಲ. ಕೂದಲುದುರಿದ ತಲೆಗೆ ಟವೆಲು ಸುತ್ತಿ, ಸ್ಟೂಲಿನ ಮೇಲೆ ಕೂತು, ಬೆರಳಿಗೆಲ್ಲ ಮೈದಾ ಮೆತ್ತಿಕೊಂಡಿದ್ದ ಆ ಗೌಡರು ಬೇಕು ಅನ್ನಿಸಿತು. ಅದನ್ನು ಬಾಯಿ ಬಿಟ್ಟು ಹೇಳುವುದಾದರೂ ಹೇಗೆ? ಗಂಡ ಸಾಯಲು ಮಲಗಿದ್ದ ದಿನಗಳು ವಾಪಸು ಬರಲಿ ಎಂದು ಯಾವ ಹೆಂಡತಿ ಬೇಡಿಕೊಳ್ಳುತ್ತಾಳೆ?

ಅಂತೂ ಒಂದು ಬುಟ್ಟಿ ಸೊಟ್ಟ ಸಂಬೂಸಗಳಾದವು. ಸ್ವಲ್ಪ ಹಾಳೆ, ಸ್ವಲ್ಪ ಕೈಮ ಉಳಿಯಿತು.

ಸುದ್ದಿ ಹೇಳುವುದಕ್ಕೆ ಅವರು ಒಂದು ಉಪಾಯ ಮಾಡಿಟ್ಟಿದ್ದರು. ಉಪಾಯ ಏನು, ಹೇಡಿತನವೇ. ಹಜಾರದ ಗೋಡೆಯಲ್ಲಿದ್ದ ಗೌಡರ ಫೋಟೋವನ್ನು ಇಳಿಸಿ, ಬಾಗಿಲಿಗೆ ಎದುರಾಗಿ ಮೇಜಿನ ಮೇಲಿಟ್ಟು, ಹೊಸ ಸೇವಂತಿಗೆ ಹಾರ ಹಾಕಿ, ಕುಂಕುಮವಿಟ್ಟು, ದೀಪ ಹಚ್ಚಿದರು. ಒಳಗೆ ಕಾಲಿಟ್ಟರೆ ಮೊದಲು ಕಾಣುವುದೇ ಅದು. ಹಾರ ಹಾಕಿದ ಫೋಟೋ ನೋಡಿದ ಮೇಲೆ ಹೇಳುವುದಕ್ಕೇನು ಉಳಿಯುತ್ತದೆ? ತಾವು ಬಾಯಿ ಬಿಡಬೇಕಾಗಿಯೇ ಇಲ್ಲ, ಫೋಟೋ ಹೇಳುತ್ತದೆ ಎಂದುಕೊಂಡರು.

ಕಾರು ಬಂತು. ಘಾಟಿಯ ತಿರುವುಗಳಿಗೆ ಇಫ್ರಾ ಸೋತು ಹೋಗಿದ್ದಳು, ಆದರೂ ಕುಂಟುತ್ತಲೇ ಓಡಿಬಂದು ಸಾವಿತ್ರಮ್ಮನ ಸೊಂಟ ತಬ್ಬಿಕೊಂಡಳು. ಹಲೀಮೊ ಇವರ ಎರಡೂ ಕೆನ್ನೆ ಹಿಡಿದು, ಅಂಗಳದಲ್ಲಿ ಒಣಗುತ್ತಿದ್ದ ಕಾಫಿಯ ನಡುವೆಯೇ ನಿಂತು, ತನ್ನ ಭಾಷೆಯಲ್ಲಿ ಸುರಿಮಳೆ ಸುರಿಸಿದಳು. ಸಾವಿತ್ರಮ್ಮ ಅವಳ ಕೈ ಹಿಡಿದು ಹಜಾರಕ್ಕೆ ಕರೆತಂದು, ಪಕ್ಕಕ್ಕೆ ಸರಿದು ನಿಂತರು.

ಹಲೀಮೊ ಫೋಟೋ ನೋಡಿದಳು. ಅವಳ ಮುಖ ಊರಗಲವಾಯಿತು.

“ಗೌಡಾ!” ಎಂದು ಚಪ್ಪಾಳೆ ತಟ್ಟಿದಳು. ಹಾರ ಮುಟ್ಟಿದಳು, ದೀಪ ತೋರಿಸಿದಳು, ಮಗಳಿಗೆ ಏನೋ ಹೇಳಿ ಮೀಸೆ ತಿರುವುವವಳಂತೆ ನಟಿಸಿದಳು. ಮದುವೆಯ ಗಂಡಿಗೆ, ಗೆದ್ದು ಬಂದ ಮಂತ್ರಿಗೆ ಹಾರ ಹಾಕುವುದನ್ನು ಮಂಗಳೂರಿನಲ್ಲಿ ಕಂಡವಳು ಅವಳು. ಹೂವು, ದೀಪ, ಕುಂಕುಮ ಎಂದರೆ ಅವಳ ಲೆಕ್ಕದಲ್ಲಿ ದೊಡ್ಡ ಮರ್ಯಾದೆ. ನಮ್ಮ ಅದೀರ್ ಊರಿಗೆ ಎಂಥ ದೊಡ್ಡ ಮನುಷ್ಯ ನೋಡು ಎಂದು ಮಗಳನ್ನು ಫೋಟೋದ ಪಕ್ಕ ನಿಲ್ಲಿಸಿ ಮೊಬೈಲಿನಲ್ಲಿ ಚಿತ್ರ ತೆಗೆದಳು. ಸಾವಿತ್ರಮ್ಮನ ಬರಿದಾದ ಹಣೆಯನ್ನೂ ಬಳೆಯಿಲ್ಲದ ಕೈಯನ್ನೂ ನೋಡಿದಳು, ಆದರೆ ಅವೂ ಅವಳಿಗೆ ಏನೂ ಹೇಳಲಿಲ್ಲ. ಅವೆಲ್ಲ ಈ ಕಡೆಯವರು ಓದುವ ಅಕ್ಷರ.

ದೀಪಶ್ರೀ ಏನು ನಡೆಯುತ್ತಿದೆ ಎಂದು ತಿಳಿಯದೆ ಅತ್ತೆಯ ಮುಖ ನೋಡಿದಳು. “ನೀ ಹೋಗಿ ಕಾಫಿ ಮಾಡು” ಎಂದು ಸಾವಿತ್ರಮ್ಮ ಅವಳನ್ನು ಒಳಗೆ ಕಳಿಸಿ, ಸಂಬೂಸದ ಬುಟ್ಟಿ ತಂದು ಚಾಪೆಯ ಮೇಲಿಟ್ಟರು.

ಹಲೀಮೊ ಒಂದನ್ನೆತ್ತಿ ತಿಂದು, ಕಣ್ಣು ಮುಚ್ಚಿ, ಸಾವಿತ್ರಮ್ಮನ ಬೆನ್ನು ತಟ್ಟಿದಳು. ಆಮೇಲೆ ಬುಟ್ಟಿಯೊಳಗೆ ಇಣುಕಿ ನೋಡಿ ನಗತೊಡಗಿದಳು. ಹೊಟ್ಟೆ ಉಬ್ಬಿದ್ದೊಂದನ್ನು ಹಿಡಿದೆತ್ತಿ, ಫೋಟೋದ ಕಡೆ ತೋರಿಸಿ, “ಗೌಡಾ? ಬೇಡಾ?” ಎಂದಳು. ಇದು ಗೌಡರ ಕೈಯಲ್ಲ, ಅವರು ಇವತ್ತು ಕೆಲಸ ತಪ್ಪಿಸಿಕೊಂಡಿದ್ದಾರೆ ಎಂದು ಅವಳ ತಮಾಷೆ. ಉಳಿದ ಹಾಳೆ, ಕೈಮ ತರಿಸಿಕೊಂಡು ಪಟಪಟನೆ ಎರಡು ಮಡಚಿದಳು. ಅಂಗಳಕ್ಕೆ ಹೋಗಿ ಹೊರಗಿನ ಒಲೆಯ ಮೇಲಿದ್ದ ಎಣ್ಣೆಯಲ್ಲೇ ಕರಿದು ತಂದಳು. ಚೂಪು ಮೂಲೆಯ, ಹೊಂಬಣ್ಣದ ಆ ಎರಡನ್ನು ಒಂದು ತಟ್ಟೆಗೆ ಹಾಕಿ ಫೋಟೋದ ಮುಂದೆ ಇಟ್ಟಳು. ತೋಟಕ್ಕೆ ಹೋಗಿರಬೇಕಾದ ಗೌಡರು ಬರುವವರೆಗೆ ಬಿಸಿ ಆರದಿರಲಿ ಎಂದು ಇನ್ನೊಂದು ತಟ್ಟೆ ಮುಚ್ಚಿದಳು.

ಸಾವಿತ್ರಮ್ಮ ಅದನ್ನೇ ನೋಡಿದರು. ಸತ್ತ ಹಿರಿಯರಿಗೆ ಅವರು ಇಷ್ಟಪಟ್ಟು ತಿನ್ನುತ್ತಿದ್ದದ್ದನ್ನು ಫೋಟೋದ ಮುಂದಿಡುವುದು, ಎಡೆ ಹಾಕುವುದು, ಆ ಮನೆಯಲ್ಲಿ ತಲೆತಲಾಂತರದಿಂದ ನಡೆದುಬಂದದ್ದು. ಗೌಡರ ಹನ್ನೊಂದನೆಯ ದಿನವೂ ಎಡೆ ಹಾಕಿದ್ದರು. ಕಡುಬು ಇತ್ತು, ಕೋಳಿ ಸಾರು ಇತ್ತು, ಒಂದು ಲೋಟ ಬ್ರಾಂದಿಯೂ ಇತ್ತು. “ಇನ್ನೇನಾದ್ರೂ ಇಷ್ಟ ಇತ್ತಾ ಅತ್ತಿಗೆ?” ಎಂದು ಮೈದುನ ಕೇಳಿದಾಗ ಸಾವಿತ್ರಮ್ಮ ಇಲ್ಲವೆಂದು ತಲೆಯಾಡಿಸಿದ್ದರು. ಆ ಇನ್ನೇನನ್ನು ಈಗ ಇವಳು ತಂದು ಇಟ್ಟಿದ್ದಳು, ಬದುಕಿದ್ದವರಿಗೆಂದು.

ಇನ್ನು ತಡೆಯಲಾಗಲಿಲ್ಲ. ದೀಪಶ್ರೀಯ ಕೈಲಿ ಇಫ್ರಾಗೆ ಇಂಗ್ಲಿಷಿನಲ್ಲಿ ಹೇಳಿಸಿ, ಅವಳಿಂದ ತಾಯಿಗೆ ಹೇಳಿಸಬಹುದಿತ್ತು. ಆ ಮಗುವಿನ ಬಾಯಲ್ಲಿ ಅಂಥ ಮಾತು ಬೇಡ ಎನ್ನಿಸಿತು. ಹುಡುಗಿಯನ್ನು ಕಾಫಿ ಹಣ್ಣು ನೋಡಲು ಅಂಗಳಕ್ಕೆ ಕಳಿಸಿದರು. ಹಲೀಮೊಳ ಮುಂದೆ ಕೂತು ಅವಳ ಎರಡೂ ಕೈ ಹಿಡಿದುಕೊಂಡರು.

“ಹಲೀಮೊ, ಗೌಡ್ರು ಬರಲ್ಲ.”

‘ಬರಲ್ಲ’ ಹಲೀಮೊಗೆ ಗೊತ್ತಿತ್ತು. ಆಸ್ಪತ್ರೆಯಲ್ಲಿ ನರ್ಸುಗಳು ದಿನಾ ಹೇಳುತ್ತಿದ್ದ ಮಾತು ಅದು, ದೊಡ್ಡ ಡಾಕ್ಟರು ಇವತ್ತು ಬರಲ್ಲ, ನಾಳೆ ಬರ್ತಾರೆ. ಅವಳು ತಲೆಯಾಡಿಸಿ, ಸ್ವಲ್ಪ ಸಪ್ಪಗಾಗಿ ಕೇಳಿದಳು.

“ನಾಳೆ?”

“ನಾಳೆನೂ ಬರಲ್ಲ.”

ಹಲೀಮೊ ಸಾವಿತ್ರಮ್ಮನ ಮುಖವನ್ನು ನೋಡಿದಳು. ಆಮೇಲೆ ತಿರುಗಿ ಫೋಟೋ ನೋಡಿದಳು, ಹಾರ, ದೀಪ, ತಾನೇ ಮುಚ್ಚಿಟ್ಟ ತಟ್ಟೆ. ಅವಳ ತುಟಿ ಪ್ರಾರ್ಥನೆಯ ಮಾತೊಂದನ್ನು ಮೆಲ್ಲಗೆ ಹೇಳಿತು. ಅವಳು ಯಾವಾಗ ಎಂದು ಕೇಳಲಿಲ್ಲ, ಸುಳ್ಳು ಹೇಳಿದ್ದೇಕೆ ಎಂದೂ ಕೇಳಲಿಲ್ಲ. ಸಾವಿತ್ರಮ್ಮನ ತಲೆಯನ್ನು ತನ್ನ ಭುಜಕ್ಕೆ ಒತ್ತಿಕೊಂಡಳು.

ಅವಳ ಮನೆಯಲ್ಲೂ ಗೌಡರು ತೀರಿಕೊಂಡರು. ಅವರು ಬದುಕಿರುವ ಮನೆ ಇನ್ನು ಯಾವುದೂ ಉಳಿಯಲಿಲ್ಲ. ಸಾವಿತ್ರಮ್ಮ ದೊಡ್ಡದಾಗಿ ಅತ್ತರು. ಗೌಡರು ಹೋದಾಗ ಅಷ್ಟು ಜನರ ನಡುವೆ ಬಾರದ ಅಳು ಅದು. ಅಳುತ್ತಾ ಅಳುತ್ತಾ, ಅರ್ಥವಾಗದ ಕಿವಿ ಎಂಬ ಧೈರ್ಯಕ್ಕೆ, ಯಾರಿಗೂ ಹೇಳದ್ದನ್ನು ಹೇಳಿದರು.

“ಆ ಲಾಡ್ಜಲ್ಲಿ ಇದ್ದಷ್ಟು ಸುಖವಾಗಿ ನಾನು ಯಾವತ್ತೂ ಇರ್ಲಿಲ್ಲ ಕಣೆ. ಅವರು ಸಾಯಕ್ಕೆ ಬಿದ್ದಿದ್ರು, ನಾನು ಸುಖವಾಗಿದ್ದೆ. ನನ್ನ ಹತ್ರ ಕೂತ್ಕೊಂಡು ಮಾತಾಡ್ತಿದ್ರು. ಮನೆಗೆ ಬಂದ್ಮೇಲೆ ಮತ್ತೆ ಜಗಲಿಗೇ ಹೋದ್ರು, ಒಳಗ್ ಬನ್ನಿ ಅಂತ ನಾನೂ ಕರೀಲಿಲ್ಲ. ಇದನ್ನ ಈ ಮನೇಲಿ ಯಾರ ಹತ್ರ ಹೇಳ್ಲಿ?”

ಹಲೀಮೊ ಒಂದು ಪದವೂ ಅರ್ಥವಾಗದೆ ಅವರ ಬೆನ್ನು ಸವರುತ್ತಿದ್ದಳು. ಅಡುಗೆಮನೆಯ ಬಾಗಿಲಲ್ಲಿ ಕಾಫಿ ಲೋಟಗಳ ತಟ್ಟೆ ಹಿಡಿದು ದೀಪಶ್ರೀ ನಿಂತಿದ್ದಳು. ಅವಳಿಗೆ ಎಲ್ಲವೂ ಅರ್ಥವಾಗಿತ್ತು. ತಟ್ಟೆಯನ್ನು ನೆಲಕ್ಕಿಟ್ಟು ಬಂದು ಅತ್ತೆಯ ಇನ್ನೊಂದು ಪಕ್ಕದಲ್ಲಿ ಕೂತಳು.

“ನನ್ನ ಹತ್ರ ಹೇಳಿ ಅತ್ತೆ” ಎಂದಳು.